ಹೆಬ್ಬೆಟ್ಟು ಒತ್ತುವ ಮುನ್ನ ಫಕೀರವ್ವ ಓದಿಸಿದ ಕಾಗದ

ಹುಬ್ಬಳ್ಳಿಯ ಒಂದು ಸರ್ಕಾರಿ ಶಾಲೆಯ ಗೇಟಿನ ಹೊರಗೆ ಒಬ್ಬ ತಾಯಿ ನಿಂತಿದ್ದಳು...

ಹೆಸರು ಫಕೀರವ್ವ. ಖಾನಾವಳಿಯೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ. ಮಗಳು ನೀಲಾ ಅದೇ ಶಾಲೆಯಲ್ಲಿ ಏಳನೇ ಕ್ಲಾಸು.

ಮಳೆಗೆ ಬಾಡಿಗೆ ಮನೆಯ ಗೋಡೆ ಕುಸಿದ ಮೇಲೆ ತಾಯಿ-ಮಗಳಿಗೆ ಬಸ್‌ಸ್ಟ್ಯಾಂಡೇ ಮನೆ. ನಾಲ್ಕು ತಿಂಗಳಾಗಿತ್ತು. ಶಾಲೆಯಲ್ಲಿ ಯಾರಿಗೂ ಹೇಳಬಾರದೆಂದು ಮಗಳಿಂದ ಆಣೆ ಮಾಡಿಸಿಕೊಂಡಿದ್ದಳು.

ಆದರೆ ಈಗ ಆಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದು ಮಗಳನ್ನಲ್ಲ... ಮಗಳ ಪಕ್ಕ ಕೂತು ಏನೋ ಬರೆದುಕೊಳ್ಳುತ್ತಿದ್ದ ಹೆಂಗಸನ್ನು.

"ಯಾರಕಿ?" ಸಂಜೆ ಮಗಳನ್ನು ಕೇಳಿದಳು.

"ಶಶಿಕಲಾ ಮೇಡಂ. ಹೊಸದಾಗಿ ಬಂದ ಸೋಶಿಯಲ್ ವರ್ಕರ್. ಪಾಠ ಮಾಡಂಗಿಲ್ಲವಾ, ಮಕ್ಕಳ ಕಷ್ಟಸುಖ ಕೇಳ್ತಾರ."

"ನಿನ್ನ ಏನ್ ಕೇಳಿದ್ಲು?"

"ಉಳಿದ ದಿನ ಒಂದ ಸಲ ಅನ್ನ ಹಾಕಿಸ್ಕೋತಿ, ಸೋಮವಾರ ಮಾತ್ರ ಮೂರು ಸಲ... ಯಾಕವಾ? ಅಂದ್ರು."

ಫಕೀರವ್ವನಿಗೆ ದಿಗಿಲಾಯಿತು.

ಭಾನುವಾರ ಶಾಲೆಯ ಬಿಸಿಯೂಟ ಇಲ್ಲ. ಖಾನಾವಳಿಗೂ ರಜೆ. ಆ ದಿನ ಇಬ್ಬರಿಗೂ ಉಪವಾಸವೇ. ಇಷ್ಟು ಸಣ್ಣ ಸಂಗತಿ ಹಿಡಿದವಳು ಇನ್ನು ಏನೇನು ಹಿಡಿಯುತ್ತಾಳೋ!

ಆಕೆಯ ಭಯಕ್ಕೂ ಕಾರಣವಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಮಲಗುತ್ತಿದ್ದ ಹೆಂಗಸಿನ ಇಬ್ಬರು ಮಕ್ಕಳನ್ನು ಹಿಂದಿನ ತಿಂಗಳಷ್ಟೇ ಯಾರೋ ಜೀಪಿನಲ್ಲಿ ಕರೆದೊಯ್ದಿದ್ದರು. ಅವರೂ ಹೀಗೇ ನಗುತ್ತಾ ಮಾತಾಡಿಸಿದ್ದರು. ಹೀಗೇ ಬರೆದುಕೊಂಡಿದ್ದರು...

ಎರಡು ದಿನ ಕಳೆಯಿತು. ಶಶಿಕಲಾ ಖಾನಾವಳಿಗೇ ಬಂದಳು! ಮಾಲೀಕನ ಜೊತೆ ತಗ್ಗಿದ ದನಿಯಲ್ಲಿ ಮಾತು. ಹಿತ್ತಿಲ ನಲ್ಲಿಯ ಬಳಿ ಕೂತ ಫಕೀರವ್ವನಿಗೆ ಒಂದಕ್ಷರವೂ ಕೇಳಿಸಲಿಲ್ಲ.

'ನನ್ನ ಬೆನ್ನ ಹಿಂದ ವಿಚಾರಣಿ ನಡಸ್ಯಾಳ...'

ಮರುದಿನದಿಂದ ಮಗಳ ಶಾಲೆ ಬಂದ್. ನೀಲಾ ಅತ್ತಳು. ಮೂರು ದಿನ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅದೇ ಹಳೆಯ ಪುಸ್ತಕ ತಿರುವಿ ಹಾಕಿದಳು. ಮಧ್ಯಾಹ್ನದ ಆ ಒಂದು ಬಿಸಿ ಊಟವೂ ತಪ್ಪಿತು.

ನಾಲ್ಕನೇ ದಿನ ಶಶಿಕಲಾ ಬಸ್‌ಸ್ಟ್ಯಾಂಡಿಗೇ ಹುಡುಕಿಕೊಂಡು ಬಂದೇಬಿಟ್ಟಳು. ಕೈಯಲ್ಲೊಂದು ಕಾಗದ.

"ಅಕ್ಕಾ, ಇದಕ್ಕ ನಿಮ್ಮ ಹೆಬ್ಬೆಟ್ಟು ಬೇಕಿತ್ತು."

ಫಕೀರವ್ವ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. "ಹೆಬ್ಬೆಟ್ಟು ಒತ್ತಿಸ್ಕೊಂಡು ನನ್ನ ಮಗಳನ್ನ ಎಲ್ಲಿಗೆ ಸಾಗಸ್ತೀರಿ, ಬಾಯಾರ?"

"ಎಲ್ಲಿಗೂ ಇಲ್ಲಕ್ಕಾ..."

"ಎಲ್ಲಾರೂ ಹಿಂಗ ಅಂತಾರ!"

ಶಶಿಕಲಾ ವಾದ ಮಾಡಲಿಲ್ಲ. ಕಾಗದವನ್ನು ಬೆಂಚಿನ ಮೇಲಿಟ್ಟಳು.

"ನನ್ನ ಮಾತು ನಂಬಬ್ಯಾಡ್ರಿ. ನಿಮಗ ನಂಬಿಗಿ ಇದ್ದವರ ಕಡೆ ಓದಸ್ರಿ. ಬ್ಯಾಡ ಅನ್ಸಿದ್ರ ಹರದ ಒಗೀರಿ." ಅಷ್ಟೇ ಹೇಳಿ ಹೊರಟುಹೋದಳು.

ಯಾರಿಂದ ಓದಿಸುವುದು? ಖಾನಾವಳಿ ಮಾಲೀಕ ಆಕೆಯ ಕಡೆಯವನೇ ಇರಬೇಕು. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬ್ರು ನಾಳೆ ನಾಲ್ಕು ಜನಕ್ಕೆ ಹೇಳಿಯಾರು. ಇಡೀ ಊರಿನಲ್ಲಿ ನಂಬುವಂಥವರು ಒಬ್ಬರೇ...

"ನೀಲಾ, ಓದು. ಒಂದಕ್ಷರಾನೂ ಬಿಡಬ್ಯಾಡ."

ನೀಲಾ ಬೆರಳಿಟ್ಟು ಓದತೊಡಗಿದಳು.

"ವಿದ್ಯಾರ್ಥಿನಿ ನೀಲಾಳನ್ನು ತಾಯಿಯಿಂದ ಬೇರ್ಪಡಿಸಿ ಬಾಲಮಂದಿರಕ್ಕೆ ಕಳುಹಿಸಬೇಕೆಂಬ ಸಲಹೆಯನ್ನು ನಾನು ವಿರೋಧಿಸುತ್ತೇನೆ..."

ಫಕೀರವ್ವ ಕಾಗದದ ಕಡೆ ಬಾಗಿದಳು. ಹಾಗಾದರೆ ಅಂಥದೊಂದು ಮಾತು ನಡೆದಿದ್ದು ನಿಜ! ಅದಕ್ಕೆ ಅಡ್ಡ ನಿಂತವಳು... ಇವಳೇ?

"ಈ ಮಗುವಿಗೆ ಇಲ್ಲದಿರುವುದು ಸೂರು, ತಾಯಿಯಲ್ಲ. ಬಾಲಕಿಯರ ಹಾಸ್ಟೆಲ್‌ನಲ್ಲಿ ಅಡುಗೆ ಸಹಾಯಕಿಯ ಕೆಲಸ ಖಾಲಿ ಇದೆ, ಇರಲು ಕೋಣೆಯೂ ಇದೆ. ಅದನ್ನು ಈ ತಾಯಿಗೇ ಕೊಡಬೇಕು. ಖಾನಾವಳಿಯ ಮಾಲೀಕರು ಹೇಳಿದಂತೆ, ಅಲ್ಲಿ ತನ್ನ ಪಾಲಿಗೆ ಸಿಗುವ ಎರಡು ರೊಟ್ಟಿಯನ್ನು ಈಕೆ ಮುಟ್ಟುವುದಿಲ್ಲ. ಬರೀ ಸಾರು ಕುಡಿದು, ರೊಟ್ಟಿಯನ್ನು ಮಗಳಿಗಾಗಿ..."

ನೀಲಾಳ ಬೆರಳು ಅಲ್ಲೇ ನಿಂತಿತು.

"ಅವ್ವಾ... ನಾ ಅಲ್ಲೇ ಉಂಡ್ ಬಂದೀನಿ ಅಂತ ನೀ ದಿನಾ ಹೇಳ್ತಿದ್ದಿಯಲ್ಲ?"

"ಮುಂದ ಓದು."

"ಓದಾಕ ಆಗವಲ್ದವಾ..."

ಬಸ್ಸುಗಳ ಗದ್ದಲದ ನಡುವೆ ತಾಯಿ-ಮಗಳು ತಬ್ಬಿಕೊಂಡು ಅತ್ತರು. ತನ್ನ ಹಸಿವನ್ನು ಯಾರೋ ಒಬ್ಬರು ನೋಡಿದ್ದಾರೆ, ನೋಡಿ ಬರೆದಿದ್ದಾರೆ... ಫಕೀರವ್ವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಬೆಳಿಗ್ಗೆ ಶಾಲೆಗೆ ಹೋಗಿ ಶಶಿಕಲಾಳ ಮುಂದೆ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. "ತಪ್ಪು ತಿಳಿದಿದ್ದೆ ಬಾಯಾರ..."

"ನೀವು ಓದಿಸಿ ನೋಡಿದ್ದ ಸರಿ ಅಕ್ಕಾ. ಮುಂದೂ ಹಂಗ ಮಾಡ್ರಿ."

ಕೆಲಸ ಸುಲಭಕ್ಕೆ ಆಗಲಿಲ್ಲ. ಅರ್ಜಿ ಎರಡು ಸಲ ವಾಪಸ್ ಬಂತು. "ಆಧಾರ್‌ನಾಗಿನ ಮನಿ ಈಗ ಇಲ್ಲಲ್ರೀ" ಎಂದರು ಕಚೇರಿಯಲ್ಲಿ ಒಬ್ಬರು. "ಮನಿ ಇಲ್ಲ ಅಂತನ ಅಲ್ರೀ ಅರ್ಜಿ ಹಾಕಿದ್ದು?" ಎಂದು ಶಶಿಕಲಾ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಮೂರು ವಾರ ಓಡಾಡಿ ಆದೇಶ ಕೈಗೆ ತಂದಳು.

ಹಾಸ್ಟೆಲ್‌ನ ಕೋಣೆಗೆ ಬಂದ ಮೊದಲ ದಿನ ಮಧ್ಯಾಹ್ನ... ನೀಲಾ ತಟ್ಟೆಗೆ ಅನ್ನ ಬಡಿಸಿ ತಾಯಿಯ ಮುಂದಿಟ್ಟಳು.

"ನೀ ಉಣ್ಣವಾ, ನಂದು ಆಗೇತಿ," ಎಂದಳು ಫಕೀರವ್ವ, ಅಭ್ಯಾಸಬಲದಿಂದ.

ನೀಲಾ ಅನುಮಾನದಿಂದ ತಾಯಿಯ ಮುಖವನ್ನೇ ನೋಡಿದಳು.

"ಸುಳ್ಳು. ನಾ ನಂಬಂಗಿಲ್ಲ. ನನ್ನ ಮುಂದ ಉಣ್ಣು."

ಫಕೀರವ್ವ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಮೊದಲ ತುತ್ತು ಬಾಯಿಗಿಟ್ಟಳು...

*ನೊಂದವರು ನಮ್ಮನ್ನು ಅನುಮಾನಿಸಿದರೆ ಸಿಟ್ಟಾಗುವುದು ಬೇಡ... ಅವರ ಪರವಾಗಿ ನಿಂತು ತೋರಿಸೋಣ.*

ನಿಮ್ಮ ಮಗುವಿನ ಪಕ್ಕದ ಬೆಂಚಿನಲ್ಲಿ ಕೂರುವ ಮಗು ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ... ಒಮ್ಮೆಯಾದರೂ ಕೇಳಿದ್ದೀರಾ?