ಟೀಗೆ ನಿಂತ ಬಸ್ಸು

ಡೀಸೆಲ್ ವಾಸನೆಗೆ ಟೀ ವಾಸನೆ ಬೆರೆತರೆ ನನಗೆ ಈಗಲೂ ಮೈ ಉರಿಯುತ್ತದೆ.

ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಸಿಯುವ ಕಾಯಿಲೆಗೆ ಅಮ್ಮ ನುಂಗುತ್ತಿದ್ದ ಮಾತ್ರೆಯಿಂದ ವಿಪರೀತ ಬಾಯಾರಿಕೆ. ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಆ ಮಧ್ಯಾಹ್ನ ಕೊರಟಗೆರೆ ದಾಟಿದ ಮೇಲೆ ಅವಳು ಎರಡನೇ ಸಲ ಬಸ್ಸು ನಿಲ್ಲಿಸಲು ಕೇಳಿದಳು.

“ಈಗಿನ್ನೂ ಇಳಿದು ಬಂದ್ರಲ್ಲಮ್ಮ! ನಿಮ್ಮೊಬ್ರಿಗೋಸ್ಕರ ಟೈಮ್ ಕೆಡಿಸ್ಕಳಾಕಾಗಲ್ಲ,” ಎಂದ ಕಂಡಕ್ಟರ್.

“ಮಾತ್ರೆ ತಗಂಡಾಗ್ನಿಂದ ಇಂಗೇ ಕಣಣ್ಣ,” ಎಂದಳು ಅಮ್ಮ. ಇಡೀ ಬಸ್ಸು ತಿರುಗಿ ನೋಡಿತು.

ದಿನವೂ ಎದುರು ನಿಂತು ಮಾತ್ರೆ ನುಂಗಿಸುತ್ತಿದ್ದ ಅಪ್ಪನೇ, “ಸುಮ್ನೆ ಕೂತ್ಕಳೇ, ಮಾನ ಕಳೀಬ್ಯಾಡ,” ಎಂದು ಅವಳ ನೀರಿನ ಬಾಟಲಿ ಕಿತ್ತುಕೊಂಡ.

ಮುಂದೆ ಒಂದು ಹೋಟೆಲಿನ ಎದುರು ಬಸ್ಸು ನಿಂತಿತು. ಡ್ರೈವರ್ ನಿಧಾನವಾಗಿ ಟೀ ಕುಡಿದ, ಬೀಡಿ ಸೇದಿದ. ಟೈಮಿನ ಮಾತು ಯಾರೂ ಎತ್ತಲಿಲ್ಲ.

“ಈಗ ಇಳೀರಮ್ಮ,” ಎಂದ ಕಂಡಕ್ಟರ್.

ಅಮ್ಮ ಏಳಲಿಲ್ಲ. ಅವಳ ಸೀರೆಯ ಒದ್ದೆ, ಪಕ್ಕದಲ್ಲಿ ಕೂತಿದ್ದ ನನ್ನ ಲಂಗಕ್ಕೂ ತಾಗಿತ್ತು.