ಕಲಿಸಿದವರ ಸಹಿ

“ಇದನ್ನ ಸಂಬಳ ಅಂತ ಹಾಕ್ಲಾ, ಸ್ಟೈಪೆಂಡ್ ಅಂತ ಹಾಕ್ಲಾ?” ಎಂದು ಲೆಕ್ಕದ ಅಕ್ಕ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಾಗ, ಎದುರಿಗೆ ನಿಂತ ಹುಡುಗಿಗೆ ಎರಡರ ವ್ಯತ್ಯಾಸ ಗೊತ್ತಿರಲಿಲ್ಲ. ಬೂಟಿನ ಕಾರ್ಖಾನೆಯಲ್ಲಿ ಅವಳ ಇಂಟರ್ನ್‌ಶಿಪ್ ಅಂದಿಗೆ ಮುಗಿದಿತ್ತು. ಸಹಿ ಹಾಕಿ ಹಣ ತೆಗೆದುಕೊಂಡು ಹೋಗುವುದೊಂದೇ ಬಾಕಿ ಎಂದುಕೊಂಡು ಬಂದಿದ್ದಳು.

“ಯಾವುದಾದ್ರೂ ಒಂದೇ ಅಲ್ವಾ ಅಕ್ಕ?”

“ಒಂದೇ ಆಗಿದ್ರೆ ನನ್ನನ್ಯಾಕೆ ಇಲ್ಲಿ ಕುರ್ಚಿ ಕೊಟ್ಟು ಕೂರಿಸ್ತಿದ್ರು? ಸಂಬಳ ಅಂದ್ರೆ ನೀನು ದುಡಿದೆ ಅಂತ. ತೆರಿಗೆ ಹಿಡಿದು ಉಳಿದದ್ದು ಕೊಡ್ಬೇಕು. ಸ್ಟೈಪೆಂಡ್ ಅಂದ್ರೆ ನೀನು ಕಲಿತೆ ಅಂತ. ಅದಕ್ಕೆ ತೆರಿಗೆ ಇಲ್ಲ. ಆದ್ರೆ ಏನು ಕಲಿಸಿದ್ವಿ ಅಂತ ಕಲಿಸಿದೋರು ಎರಡು ಸಾಲು ಬರೆದು ಸಹಿ ಹಾಕ್ಬೇಕು. ಹಿಡಿದ ತೆರಿಗೆ ಮುಂದಿನ ವರ್ಷ ಅರ್ಜಿ ಹಾಕಿದ್ರೆ ವಾಪಸ್ ಬರುತ್ತೆ, ಬರಲ್ಲ ಅಂತೇನಿಲ್ಲ. ಅಷ್ಟರಲ್ಲಿ ನನ್ನ ಹಾಗೆ ನಿನಗೂ ತಲೆ ನರೆತಿರುತ್ತೆ.”

ಹುಡುಗಿ ನಕ್ಕಳು. ಆ ಕಟ್ಟಡದಲ್ಲಿ ಅವಳೊಂದಿಗೆ ಯಾರೂ ಇಷ್ಟು ಮಾತಾಡಿದ್ದಿಲ್ಲ. ಇನ್ನೂ ನಾಲ್ಕು ಬಗೆಯ ತೆರಿಗೆಗಳಿದ್ದಿದ್ದರೆ ಅವನ್ನೂ ಕೇಳಿಸಿಕೊಂಡು ಅಲ್ಲೇ ನಿಂತಿರುತ್ತಿದ್ದಳೋ ಏನೋ. ಆದರೆ ತೆರಿಗೆಗೆ ಹೋಗುವ ಹಣದಲ್ಲಿ ಅರ್ಧ ತಿಂಗಳ ಬಾಡಿಗೆ ಕಳೆಯುತ್ತಿತ್ತು. ಒಂದು ಬಿಳಿ ಹಾಳೆ ಇಸಿದುಕೊಂಡು ಮೇಲಿನ ಮಹಡಿಯ ಮಾದರಿ ಕೋಣೆಗೆ ಹೊರಟಳು.

ಕಲಿಸಿದವರು ಎಂದರೆ ಯಾರು? ಮೆಟ್ಟಿಲು ಹತ್ತುತ್ತ ಯೋಚಿಸಿದಳು. ಮಾದರಿ ಕೋಣೆಯಲ್ಲಿ ಹೊಸ ನಮೂನೆಯ ಬೂಟು ಒಂದು ಕಾಲಿನದಷ್ಟೇ ತಯಾರಾಗುತ್ತದೆ, ವ್ಯಾಪಾರಿಗಳಿಗೆ ತೋರಿಸಲು ಅಷ್ಟು ಸಾಕು. ಬೇಸಿಗೆಯುದ್ದಕ್ಕೂ ಅವಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಸಿದ್ಧವಾದ ಬೂಟಿಗೆ ಚೀಟಿ ಕಟ್ಟುತ್ತ, ದೊಡ್ಡ ಮೇಸ್ತ್ರಿ ಚರ್ಮ ಕತ್ತರಿಸುವುದನ್ನೂ ಉಳಿದವರು ಹೊಲಿಯುವುದನ್ನೂ ನೋಡಿದ್ದಳು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಕಾಲೇಜಿನವರು ಹೇಳಿದಂತೆ ಗಡಿಯಾರ ನೋಡಿ ಬರೆದುಕೊಂಡಿದ್ದಳು. ಅವಳು ಒಳಗೆ ಕಾಲಿಟ್ಟರೆ ಕೋಣೆ ಗಪ್‌ಚಿಪ್. ಊಟಕ್ಕೆ ಅವರೆಲ್ಲ ಒಂದು ಮೇಜು, ಅವಳೊಬ್ಬಳೇ ಒಂದು ಮೇಜು. ತನ್ನಲ್ಲೇ ಏನೋ ಐಬಿರಬೇಕೆಂದು ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ನಿಂತು, “ಊಟ ಆಯ್ತಾ?” ಎಂದು ನಾಲ್ಕಾರು ಬಗೆಯಲ್ಲಿ ಕೇಳಿ ನೋಡಿಕೊಂಡದ್ದೂ ಉಂಟು. ಅಷ್ಟು ಜನರ ನಡುವೆ ಒಬ್ಬಳೇ ಇರುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಅವಳನ್ನು ಕಂಡೊಡನೆ ದೊಡ್ಡ ಮೇಸ್ತ್ರಿ ಎದ್ದು ನಿಂತರು. ಅಜ್ಜನ ವಯಸ್ಸಿನವರು ಹಾಗೆ ಎದ್ದದ್ದಕ್ಕೆ ಅವಳಿಗೆ ಮುಜುಗರವಾಯಿತು.

“ಹೇಳಿ ಮೇಡಂ.”

“ಮೇಡಂ ಅನ್ಬೇಡಿ ಮೇಸ್ತ್ರಿ, ನಾನಿನ್ನೂ ಕಾಲೇಜು ಹುಡುಗಿ. ನನಗೆ ಏನು ಕಲಿಸಿದ್ರಿ ಅಂತ ನೀವು ಬರ್ಕೊಟ್ರೆ ನನ್ನ ದುಡ್ಡಿಗೆ ತೆರಿಗೆ ಹಿಡಿಯಲ್ವಂತೆ.”

ಮೇಸ್ತ್ರಿ ಕೈಯಲ್ಲಿದ್ದ ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟರು. “ಕಾಲೇಜು ಹುಡುಗೀನಾ? ನಾವು ನಿನ್ನ ಹೆಡ್ ಆಫೀಸಿನೋಳು ಅಂದ್ಕೊಂಡಿದ್ವಲ್ಲಮ್ಮ. ಗಡಿಯಾರ ನೋಡೋದು, ಬರ್ಕೊಳ್ಳೋದು. ಯಾರ ಕೈ ನಿಧಾನ ಅಂತ ಮೇಲಿನೋರಿಗೆ ಹೇಳ್ತೀಯ, ಇವತ್ತು ಯಾರನ್ನ ಮನೆಗೆ ಕಳಿಸ್ತಾರೋ ಅಂತ ಎಲ್ಲರೂ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ವಿ.”

“ಒಂದು ಮಾತು ಕೇಳ್ಬಹುದಿತ್ತಲ್ಲ ಮೇಸ್ತ್ರಿ.”

“ನೀನೂ ಒಂದು ಮಾತು ಹೇಳ್ಬಹುದಿತ್ತಲ್ಲ ಮಗಳೇ.”

ಅದೂ ಸರಿಯೇ. ಮೇಸ್ತ್ರಿ ಕತ್ತಿಯನ್ನು ಅವಳತ್ತ ಸರಿಸಿ, “ನಾಳೆ ಬೇಗ ಬಾ. ಕತ್ತಿ ಹಿಡಿಯೋದರಿಂದ ಶುರು ಮಾಡೋಣ” ಎಂದರು. ನಾಳೆ ತಾನಿರುವುದಿಲ್ಲ, ಇವತ್ತೇ ಕಡೆಯ ದಿನ ಎಂದಳು. ಅವರ ಮುಖ ಸಣ್ಣದಾಯಿತು. ಅವಳ ಕೈಯಿಂದ ಹಾಳೆ ತೆಗೆದುಕೊಂಡು, ಅಡಿಯಲ್ಲಿ ಸಹಿ ಹಾಕಿ, “ಮೇಲೆ ನೀನೇ ಬರ್ಕೋ. ಎಲ್ಲಾ ಕಲಿಸಿದೆ ಅಂತಲೇ ಬರ್ಕೋ. ನಿನ್ನ ದುಡ್ಡು ಒಂದು ಕಾಸೂ ಹೋಗ್ಬಾರದು” ಎಂದು ಕೊಟ್ಟರು.

ಹೊರಗೆ ಬಂದು, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಪೆನ್ನು ತೆಗೆದಳು. ಬಾಗಿಲು ಮುಚ್ಚಿದ್ದೇ ತಡ, ಒಳಗೆ ಗಲಗಲ ಮಾತು ಎದ್ದಿತು. ಯಾರೋ ಮೇಸ್ತ್ರಿಯನ್ನು ಛೇಡಿಸಿದರು, ಯಾರೋ ಕೆಮ್ಮು ಬರುವಷ್ಟು ನಕ್ಕರು, ಮೇಸ್ತ್ರಿ ಅವರಿಗೆಲ್ಲ ಸೇರಿಸಿ ಬೈದರು. ಬೇಸಿಗೆಯೆಲ್ಲ ಅಲ್ಲೇ ಕೂತಿದ್ದರೂ ಆ ಕೋಣೆಯಲ್ಲಿ ಹೀಗೆ ನಗುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಈಗ ಒಳಗೆ ಹೋದರೆ ಯಾರೂ ಸುಮ್ಮನಾಗುವುದಿಲ್ಲ, ಪಕ್ಕಕ್ಕೆ ಸರಿದು ಜಾಗವನ್ನೂ ಕೊಟ್ಟಾರು. ಬಾಗಿಲು ತಟ್ಟಲು ಕೈ ಎತ್ತಿದಳು. ಹೊರಡುವ ದಿನ ಒಳಗೆ ಸೇರಿಕೊಳ್ಳಲು ನಾಚಿಕೆಯಾಯಿತು. ಎತ್ತಿದ ಕೈ ಇಳಿಸಿ, ಪೆನ್ನು ಮುಚ್ಚಿ ಮೆಟ್ಟಿಲಿಳಿದಳು.

ಲೆಕ್ಕದ ಅಕ್ಕ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಸಹಿ ಇದೆ, ಬರಹ ಎಲ್ಲಿ? ಎರಡು ಸುಳ್ಳು ಬರೆದಿದ್ರೂ ನಾನು ಕಣ್ಣು ಮುಚ್ಕೊಂಡು ತಗೋತಿದ್ದೆ.”

“ಸಂಬಳ ಅಂತಲೇ ಹಾಕಿ ಅಕ್ಕ.”

“ಹುಚ್ಚು ಹುಡುಗಿ, ತೆರಿಗೆ ಹಿಡೀಬೇಕಾಗುತ್ತೆ. ಮೇಲಾಗಿ ಇಂಥೋಳು ಇಲ್ಲಿ ಇಷ್ಟು ದಿನ ಇದ್ಲು, ಇಷ್ಟು ದುಡಿದ್ಲು ಅಂತ ತೆರಿಗೆಯೋರಿಗೆ ನಿನ್ನ ಹೆಸರು ಹಿಡಿದು ವರದಿ ಹೋಗುತ್ತೆ.”

“ಹೋಗ್ಲಿ ಅಕ್ಕ,” ಎಂದಳು ಹುಡುಗಿ. “ಅವರಿಗಾದ್ರೂ ಗೊತ್ತಿರಲಿ.”