ಒಂದು ಮೆಟ್ಟಿಲಿನಷ್ಟು ಬೆಳಕು

"ಇದನ್ನ ಹಾಕಿದ್ರೆ ಅರ್ಧ ಮೈಲಿವರೆಗೂ ಹಗಲೇ," ಎನ್ನುತ್ತ ಅಂಗಡಿಯ ಯಜಮಾನ ದೊಡ್ಡ ಟಾರ್ಚೊಂದನ್ನು ಮುಂದಿಟ್ಟ.

"ಅಷ್ಟೆಲ್ಲ ಏನಕ್ಕೆ ಸ್ವಾಮಿ? ನನ್ನ ಕೆಲಸಕ್ಕೆ ಒಂದು ಮೆಟ್ಟಿಲು ಕಂಡ್ರೆ ಸಾಕು," ಎಂದ ಗಿರಾಕಿ.

ಯಜಮಾನ ಚಿಕ್ಕದೊಂದನ್ನು ತೆಗೆದುಕೊಟ್ಟ. ಗಿರಾಕಿ ಅದರ ಗಾಜಿಗೆ ಬೆರಳು ಅಡ್ಡ ಹಿಡಿದು ನೋಡಿ, ಬೇಡವೆಂದು ತಲೆಯಾಡಿಸಿದ. "ಇದೂ ಜಾಸ್ತೀನೇ. ಕತ್ತಲಲ್ಲಿ ಕೂತಿರೋರ ಮುಖದ ಮೇಲೆ ಬೆಳಕು ಬೀಳಬಾರದು."

ಯಜಮಾನ ಹುಬ್ಬು ಗಂಟಿಕ್ಕಿದ. ಗಲ್ಲಾದಲ್ಲಿ ಕೂತಿದ್ದ ಹೆಂಡತಿಯತ್ತ ತಿರುಗಿ, "ಕೇಳಿದ್ಯೇನೇ? ಯಾರ ಮುಖವೂ ಕಾಣಬಾರದಂತೆ. ಮರ್ಯಾದಸ್ಥರು ಆಡೋ ಮಾತಾ ಇದು?" ಎಂದ. ಆಮೇಲೆ ಗಿರಾಕಿಯನ್ನು ದುರುಗುಟ್ಟಿ ನೋಡಿದ. "ಏನಯ್ಯಾ ನಿನ್ನ ಕಸುಬು? ಹೇಳ್ತೀಯೋ, ಪೊಲೀಸ್ರನ್ನ ಕರೀಲೋ?"

ಗಿರಾಕಿ ಬೇಸರ ಮಾಡಿಕೊಳ್ಳಲಿಲ್ಲ. "ಟಾಕೀಸಲ್ಲಿ ಸೀಟು ತೋರಿಸ್ತೀನಿ ಸ್ವಾಮಿ. ನಿಮಗೆ ಗುರುತು ಸಿಗಲಿಲ್ಲ, ನನಗೆ ನಿಮ್ಮ ದನೀಲೇ ಸಿಕ್ತು." ಗಲ್ಲಾದ ಕಡೆಗೊಮ್ಮೆ ಕೈ ಮುಗಿದು, ಮತ್ತೆ ಯಜಮಾನನತ್ತ ತಿರುಗಿದ. "ಪ್ರತಿ ಬುಧವಾರ ಮ್ಯಾಟಿನಿಗೆ ನಿಮ್ಮನ್ನೂ ಅಮ್ಮಾವ್ರನ್ನೂ ಹಿಂದಿನ ಸಾಲಿಗೆ ಕರ್ಕೊಂಡು ಹೋಗೋನು ನಾನೇ."

ಹೆಂಡತಿ ಗಲ್ಲಾಪೆಟ್ಟಿಗೆ ಮುಚ್ಚಿ ಎದ್ದು ನಿಂತಳು.

"ನಾನು ಟಾಕೀಸಿನ ಮೆಟ್ಟಿಲು ಹತ್ತಿ ಎಂಟು ವರ್ಷ ಆಯ್ತು."